70 ಎಂಎಂ ಪ್ರಿಂಟ್ ಎಲ್ಲಿಂದ ಬರುತ್ತೆ?

ಹಳೇ ಥಿಯೇಟರ್‌ಗಳ ಬೋರ್ಡಿನಲ್ಲಿ ಹೆಸರಿನ ಪಕ್ಕ ‘70 ಎಂಎಂ’ ಅಂತ ಬರೆದಿರೋದನ್ನ ನಾವೆಲ್ಲ ನೋಡಿರ್ತೀವಿ. ಬಹಳ ಜನಕ್ಕೆ ಅದು ‘ದೊಡ್ಡ ಪರದೆ’ ಅನ್ನೋದಕ್ಕೆ ಇನ್ನೊಂದು ಹೆಸರು ಅಷ್ಟೆ. ನಿಜವಾಗಿ ಅದು ಪರದೆಯ ಅಳತೆಯೇ ಅಲ್ಲ, ಪ್ರೊಜೆಕ್ಟರ್ ಒಳಗೆ ಓಡುವ ಫಿಲ್ಮಿನ ಅಗಲ. ನಮ್ಮ ಕಡೆ ಈಗ ಎಲ್ಲ ಕಡೆ ಡಿಜಿಟಲ್. ಆದರೆ ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿ ಹಳೇ ಸಿನಿಮಾಗಳನ್ನೇ ಆರಿಸಿ ತೋರಿಸುವ ಥಿಯೇಟರ್‌ಗಳಿವೆ, ಅವಕ್ಕೆ ರೆಪರ್ಟರಿ ಸಿನಿಮಾ ಅಂತಾರೆ. ಅವುಗಳಲ್ಲಿ ಕೆಲವು ಇವತ್ತಿಗೂ ನಿಜವಾದ 70 ಎಂಎಂ ಫಿಲ್ಮ್ ಓಡಿಸ್ತವೆ. ಐವತ್ತು ಅರವತ್ತು ವರ್ಷ ಹಳೇ ಸಿನಿಮಾದ ಪ್ರಿಂಟ್ ಅವರಿಗೆ ಎಲ್ಲಿಂದ ಸಿಗುತ್ತೆ? ಇದನ್ನ ಹುಡುಕ್ತಾ ಹೋದ ನಮಗೆ ಸಿಕ್ಕಿದ್ದು ಅರ್ಧ ಕೆಮಿಸ್ಟ್ರಿ, ಅರ್ಧ ಲಾಜಿಸ್ಟಿಕ್ಸ್.

ಮೊದಲು ಸ್ವಲ್ಪ ಲೆಕ್ಕ. ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಪಕ್ಕದಲ್ಲಿ 4 ತೂತು. 70 ಎಂಎಂನಲ್ಲಿ 5. ಒಂದು ತೂತಿನಿಂದ ಇನ್ನೊಂದಕ್ಕೆ ಸುಮಾರು 4.75 ಮಿಲಿಮೀಟರ್. ಸೆಕೆಂಡಿಗೆ 24 ಫ್ರೇಮ್ ಅಂದ್ರೆ ನಿಮಿಷಕ್ಕೆ 34 ಮೀಟರ್‌ಗೂ ಜಾಸ್ತಿ ಫಿಲ್ಮ್ ಓಡುತ್ತೆ. ಸ್ಟಾನ್ಲಿ ಕುಬ್ರಿಕ್‌ರ ‘2001: ಎ ಸ್ಪೇಸ್ ಒಡಿಸ್ಸಿ’ 149 ನಿಮಿಷದ್ದು. ಗುಣಿಸಿ ನೋಡಿ, 5 ಕಿಲೋಮೀಟರ್ ದಾಟುತ್ತೆ. ದಪ್ಪ 0.14 ಮಿಲಿಮೀಟರ್, ಸಾಂದ್ರತೆ 1.39 ಅಂತ ಹಿಡಿದು ನಾವು ಲೆಕ್ಕ ಹಾಕಿದರೆ ಫಿಲ್ಮ್ ಒಂದರ ತೂಕವೇ 70 ಕೆಜಿ ಹತ್ತಿರ ಬಂತು. ರೀಲು, ಡಬ್ಬ, ಪೆಟ್ಟಿಗೆ ಎಲ್ಲ ಬೇರೆ. ಪೆನ್‌ಡ್ರೈವ್‌ನಲ್ಲಿ ಸಿನಿಮಾ ಹಂಚಿಕೊಳ್ಳೋ ನಮಗೆ ಇದು ತಮಾಷೆ ಅನ್ನಿಸಬಹುದು, ಅದನ್ನ ಎತ್ತೋ ಕೊರಿಯರ್‌ನವರಿಗೆ ಅಲ್ಲ.

ಈಗ ಒಂದು ಥಿಯೇಟರ್‌ಗೆ ‘ಲಾರೆನ್ಸ್ ಆಫ್ ಅರೇಬಿಯಾ’ ತೋರಿಸಬೇಕು ಅಂತಿಟ್ಕೊಳ್ಳಿ. ಅವರು ಎರಡು ಕಡೆ ಕೇಳಬೇಕಾಗುತ್ತೆ. ಪ್ರದರ್ಶನದ ಹಕ್ಕು ಯಾರದ್ದು ಅನ್ನೋದು ಒಂದು, ಪ್ರಿಂಟ್ ಯಾರ ಹತ್ರ ಇದೆ ಅನ್ನೋದು ಇನ್ನೊಂದು. ಎರಡೂ ಒಬ್ಬರ ಹತ್ರವೇ ಇರಬೇಕು ಅಂತೇನಿಲ್ಲ. ಹಕ್ಕು ಸಾಮಾನ್ಯವಾಗಿ ಸ್ಟುಡಿಯೋದ್ದು, ಅಥವಾ ಸ್ಟುಡಿಯೋ ಪರವಾಗಿ ಹಳೇ ಸಿನಿಮಾ ಹಂಚುವ ಕಂಪನಿಯದ್ದು. ಗ್ಲಾಸ್ಗೋದ ಪಾರ್ಕ್ ಸರ್ಕಸ್ ಅಂಥದ್ದೇ ಒಂದು. ಪ್ರಿಂಟ್ ಮಾತ್ರ ಸ್ಟುಡಿಯೋ ಗೋಡೌನ್‌ನಲ್ಲಿ ಇರಬಹುದು, ಲಂಡನ್ನಿನ ಬಿಎಫ್‌ಐ ಅಥವಾ ಲಾಸ್ ಏಂಜಲೀಸ್‌ನ ಅಕಾಡೆಮಿ ಫಿಲ್ಮ್ ಆರ್ಕೈವ್‌ನಂಥ ಸಂಗ್ರಹದಲ್ಲಿ ಇರಬಹುದು, ಇಲ್ಲ ಯಾವನೋ ಸಿನಿಮಾ ಹುಚ್ಚಿರೋ ಸಂಗ್ರಾಹಕನ ಮನೆಯ ನೆಲಮಾಳಿಗೆಯಲ್ಲಿ ಇರಬಹುದು. ಸಂಗ್ರಾಹಕ ಪ್ರಿಂಟ್ ಪುಕ್ಕಟೆ ಕೊಟ್ಟರೂ ಹಕ್ಕಿನವರ ಒಪ್ಪಿಗೆ ಬೇಕೇ ಬೇಕು. ಪುಸ್ತಕ ನಮ್ಮದಾದ್ರೂ ಅದನ್ನ ಅಚ್ಚು ಹಾಕಿಸಿ ಮಾರೋ ಹಕ್ಕು ನಮಗಿಲ್ಲ ಅಲ್ವಾ, ಹಾಗೆ.

ಒಪ್ಪಿಗೆ ಸಿಕ್ಕಿತು, ಪ್ರಿಂಟೂ ಇದೆ. ‘ಹೇಗಿದೆ?’ ಅನ್ನೋದು ಮುಂದಿನ ಪ್ರಶ್ನೆ. ನಮ್ಮ ಪ್ರಕಾರ ಇಡೀ ಕಥೆಯಲ್ಲಿ ಇದೇ ನೋವಿನ ಭಾಗ.

1980ರ ದಶಕದ ಶುರುವಿನವರೆಗೂ 70 ಎಂಎಂ ಪ್ರಿಂಟ್‌ಗಳನ್ನ ಮಾಡ್ತಾ ಇದ್ದ ಈಸ್ಟ್‌ಮನ್ ಕಲರ್ ಫಿಲ್ಮಿನಲ್ಲಿ ಬಣ್ಣಗಳು ಗಟ್ಟಿ ಇರಲಿಲ್ಲ. ಚಿತ್ರ ಮೂಡೋದು ಸಯಾನ್, ಮಜೆಂಟಾ, ಹಳದಿ ಅನ್ನೋ ಮೂರು ಡೈ ಪದರಗಳಿಂದ. ಅದರಲ್ಲಿ ಸಯಾನ್, ಕತ್ತಲಲ್ಲಿ ಡಬ್ಬದೊಳಗೆ ಇಟ್ಟರೂ ಮಾಸ್ತಾ ಹೋಗುತ್ತೆ. ಹಳದಿಯೂ ಸ್ವಲ್ಪ ಹೋಗುತ್ತೆ. ಉಳಿಯೋದು ಮಜೆಂಟಾ. ಹಾಗಾಗಿ ಆ ಕಾಲದ ಒರಿಜಿನಲ್ ಪ್ರಿಂಟ್ ಹಾಕಿದರೆ ಮರುಭೂಮಿ, ಆಕಾಶ, ಹೀರೋ ಮುಖ ಎಲ್ಲವೂ ಗುಲಾಬಿ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟರೆ ಮಾಸೋದು ನಿಧಾನ ಆಗುತ್ತೆ, ಹೋದ ಬಣ್ಣ ವಾಪಸ್ ಬರಲ್ಲ.

ಇನ್ನೊಂದು ಕಾಯಿಲೆ ವಿನೆಗರ್ ಸಿಂಡ್ರೋಮ್. ಲ್ಯಾಬ್‌ನಲ್ಲಿ ಅಸಿಟಿಕ್ ಆಸಿಡ್ ಬಾಟಲಿ ತೆಗೆದಾಗಿನ ಆ ವಾಸನೆ ನೆನಪಿದೆ ತಾನೆ? ಹಳೇ ಫಿಲ್ಮಿನ ತಳಪಾಯ ಸೆಲ್ಯುಲೋಸ್ ಅಸಿಟೇಟ್. ತೇವ, ಬಿಸಿ ಸೇರಿದರೆ ಅದು ಒಡೆದು ಅಸಿಟಿಕ್ ಆಸಿಡ್ ಬಿಡುತ್ತೆ. ಹುಟ್ಟಿದ ಆಸಿಡ್ ಅದೇ ಕ್ರಿಯೆಗೆ ಕ್ಯಾಟಲಿಸ್ಟ್ ಆಗಿ ಇನ್ನಷ್ಟು ಒಡೆಯುತ್ತೆ. ಆಟೋಕ್ಯಾಟಲಿಸಿಸ್ ಅಂತ ಪರೀಕ್ಷೆಗೆ ಉರು ಹೊಡೆದಿದ್ದು ಇಲ್ಲಿ ಒಂದು ಇಡೀ ಸಿನಿಮಾವನ್ನ ತಿಂದು ಹಾಕುತ್ತೆ. ಫಿಲ್ಮ್ ಕುಗ್ಗುತ್ತೆ, ಸುರುಳಿಯಾಗುತ್ತೆ, ತೂತುಗಳ ಅಂತರ ಬದಲಾಗಿ ಪ್ರೊಜೆಕ್ಟರಿನ ಹಲ್ಲುಗಳಿಗೆ ಕೂರಲ್ಲ. ಡಬ್ಬದಲ್ಲಿ ಎ-ಡಿ ಸ್ಟ್ರಿಪ್ ಅನ್ನೋ ಕಾಗದದ ಪಟ್ಟಿ ಇಟ್ಟು ಪರೀಕ್ಷೆ ಮಾಡ್ತಾರೆ. ನೀಲಿ ಇದ್ದರೆ ಆರೋಗ್ಯ, ಹಸಿರಾದರೆ ಶುರುವಾಗಿದೆ, ಹಳದಿಗೆ ತಿರುಗಿದರೆ ಕೇಸು ಕೈಮೀರಿದೆ.

70 ಎಂಎಂಗೆ ಇದು ಇನ್ನೂ ಬೇಗ ಬರೋದಕ್ಕೆ ಕಾರಣ ಅದರ ಸೌಂಡ್. ಕ್ಯಾಮೆರಾದಲ್ಲಿ ಬಳಸೋ ನೆಗೆಟಿವ್ 65 ಎಂಎಂ ಮಾತ್ರ. ಪ್ರಿಂಟಿನಲ್ಲಿ ಹೆಚ್ಚಾಗಿರೋ 5 ಎಂಎಂ ಇರೋದು ಸೌಂಡ್‌ಗೆ ಜಾಗ ಮಾಡೋಕೆ. ಕ್ಯಾಸೆಟ್ ಟೇಪಿನ ಥರ ಮ್ಯಾಗ್ನೆಟಿಕ್ ಪಟ್ಟಿಗಳನ್ನ ಫಿಲ್ಮಿನ ಮೇಲೇ ಬಳಿದು, ಅವುಗಳಲ್ಲಿ 6 ಟ್ರ್ಯಾಕ್ ರೆಕಾರ್ಡ್ ಮಾಡ್ತಿದ್ರು. ಆ ಕಾಲಕ್ಕೆ ಅದರಂಥ ಸೌಂಡ್ ಬೇರೆ ಇರಲಿಲ್ಲ. ಆದರೆ ಆ ಪಟ್ಟಿಯ ಐರನ್ ಆಕ್ಸೈಡ್ ಅಸಿಟೇಟ್ ಕೊಳೆಯೋದನ್ನ ಇನ್ನೂ ಜೋರು ಮಾಡುತ್ತೆ. ಅಂದ್ರೆ ಯಾವ ಗುಣಕ್ಕೆ ಜನ ಜಾಸ್ತಿ ದುಡ್ಡು ಕೊಟ್ಟು ನೋಡ್ತಿದ್ರೋ, ಅದೇ ಪ್ರಿಂಟಿಗೆ ವಿಷ.

ಈಚಿನ ಪ್ರಿಂಟ್‌ಗಳಲ್ಲಿ ಮ್ಯಾಗ್ನೆಟಿಕ್ ಪಟ್ಟಿ ಇಲ್ಲ. ಫಿಲ್ಮಿನ ಮೇಲೆ ಟೈಮ್‌ಕೋಡ್ ಮಾತ್ರ ಇರುತ್ತೆ, ಸೌಂಡ್ ಬೇರೆ ಸಿಡಿ-ರಾಮ್ ಡಿಸ್ಕಿನಲ್ಲಿ. ಇದು 1993ರಲ್ಲಿ ‘ಜುರಾಸಿಕ್ ಪಾರ್ಕ್’ ಜೊತೆ ಬಂದ ಡಿಟಿಎಸ್ ಪದ್ಧತಿ. ತಳಪಾಯವೂ ಪಾಲಿಯೆಸ್ಟರ್, ವಿನೆಗರ್ ಕಾಟ ಇಲ್ಲ. ಅದೂ ಎಷ್ಟು ಗಟ್ಟಿ ಅಂದ್ರೆ, ಸಿಕ್ಕಿಹಾಕಿಕೊಂಡಾಗ ಫಿಲ್ಮ್ ಹರಿಯೋ ಬದಲು ಪ್ರೊಜೆಕ್ಟರಿನ ಪಾರ್ಟ್ಸ್ ಹಾಳಾಗಬಹುದು. ಮೆಕ್ಯಾನಿಕಲ್‌ನವರು ಇದನ್ನ ಓದಿ ನಗ್ತಿರಬಹುದು. ಪ್ರಿಂಟ್ ತರಿಸೋರು ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಮ್ಯಾಗ್ನೆಟಿಕ್ಕಾ, ಡಿಟಿಎಸ್ಸಾ? ಮ್ಯಾಗ್ನೆಟಿಕ್ ಆದರೆ ಅದನ್ನ ಓದೋ ಹೆಡ್ ನಿಮ್ಮ ಪ್ರೊಜೆಕ್ಟರಿನಲ್ಲಿ ಇರಬೇಕು. ಡಿಟಿಎಸ್ ಆದರೆ ಡಿಸ್ಕ್ ಪೆಟ್ಟಿಗೆ ಜೊತೆಗೇ ಬರಬೇಕು, ಇಲ್ಲಾಂದ್ರೆ ಮೂಕಿ ಚಿತ್ರ.

ಆರ್ಕೈವ್‌ನಿಂದ ಪ್ರಿಂಟ್ ಬೇಕಾದರೆ ಷರತ್ತುಗಳು ಇನ್ನೂ ಬಿಗಿ. ಮಲ್ಟಿಪ್ಲೆಕ್ಸ್ ಕಾಲದಲ್ಲಿ ಎಲ್ಲ ರೀಲುಗಳನ್ನ ಒಂದಕ್ಕೊಂದು ಅಂಟಿಸಿ ದೊಡ್ಡ ತಟ್ಟೆಯ ಮೇಲೆ ಸುತ್ತಿ ಓಡಿಸ್ತಿದ್ರು. ಆರ್ಕೈವ್‌ನವರು ಇದಕ್ಕೆ ಸಾಮಾನ್ಯವಾಗಿ ಒಪ್ಪಲ್ಲ, ಯಾಕೆ ಅಂದ್ರೆ ಕತ್ತರಿಸಿ ಅಂಟಿಸಿದಾಗಲೆಲ್ಲ ರೀಲಿನ ತುದಿ ಹಾಳಾಗುತ್ತೆ. ಹಾಗಾಗಿ ಎರಡು ಪ್ರೊಜೆಕ್ಟರ್ ಬೇಕು. 2,000 ಅಡಿಯ ಒಂದು ರೀಲು 18 ನಿಮಿಷದೊಳಗೆ ಮುಗಿಯುತ್ತೆ. ಪರದೆಯ ಬಲಮೂಲೆಯಲ್ಲಿ ಚುಕ್ಕಿ ಮಿಂಚಿದಾಗ ಆಪರೇಟರ್ ಇನ್ನೊಂದು ಮಷೀನ್ ಚಾಲೂ ಮಾಡ್ತಾನೆ, ಎರಡನೇ ಚುಕ್ಕಿಗೆ ಚಿತ್ರ ಅಲ್ಲಿಗೆ ಬದಲಾಯಿಸ್ತಾನೆ. ಇಂಥ ಕೈ ಪಳಗಿದವರು ಕಮ್ಮಿ, ಮಷೀನುಗಳೂ ಕಮ್ಮಿ. 2015ರಲ್ಲಿ ಕ್ವೆಂಟಿನ್ ಟರಂಟಿನೊ ‘ದಿ ಹೇಟ್‌ಫುಲ್ ಎಯ್ಟ್’ ಅನ್ನು 70 ಎಂಎಂನಲ್ಲೇ ಬಿಡುಗಡೆ ಮಾಡಬೇಕು ಅಂತ ಹಟ ಹಿಡಿದಾಗ, ಸುಮಾರು 100 ಥಿಯೇಟರ್‌ಗಳಿಗೋಸ್ಕರ ಹಳೇ ಪ್ರೊಜೆಕ್ಟರ್‌ಗಳನ್ನ ಹುಡುಕಿ ತಂದು ರಿಪೇರಿ ಮಾಡಿಸಬೇಕಾಯ್ತು. ಆಮೇಲೆ ಅವುಗಳಲ್ಲಿ ಕೆಲವು ಹಳೇ ಸಿನಿಮಾ ತೋರಿಸೋಕೂ ಉಪಯೋಗಕ್ಕೆ ಬಂದವು.

ಹೊಸ ಪ್ರಿಂಟ್ ಹಾಕಿಸಬಾರದಾ ಅಂದ್ರೆ, ಹಾಕಿಸಬಹುದು. ನೆಗೆಟಿವ್ ಸರಿಯಾಗಿರಬೇಕು, 65/70 ಎಂಎಂ ತೊಳೆಯೋ ಲ್ಯಾಬ್ ಬೇಕು (ಕ್ಯಾಲಿಫೋರ್ನಿಯಾದ ಫೋಟೋಕೆಮ್ ಅದರಲ್ಲಿ ಮುಖ್ಯವಾದದ್ದು), ಸ್ಟುಡಿಯೋಗೆ ಮನಸ್ಸೂ ಬೇಕು. ‘2001’ಕ್ಕೆ ಐವತ್ತು ತುಂಬಿದ 2018ರಲ್ಲಿ, ಕ್ರಿಸ್ಟೋಫರ್ ನೋಲನ್ ಮುಂದೆ ನಿಂತು, ಮೂಲ ನೆಗೆಟಿವ್‌ನಿಂದ ಮಾಡಿದ ಹೊಸ ಎಲಿಮೆಂಟ್‌ಗಳಿಂದ 70 ಎಂಎಂ ಪ್ರಿಂಟ್‌ಗಳನ್ನ ತೆಗೆಸಿದರು. ಕಂಪ್ಯೂಟರ್‌ನಲ್ಲಿ ಏನೂ ತಿದ್ದಲಿಲ್ಲ. ಕಾನ್ ಉತ್ಸವದಲ್ಲಿ ಮೊದಲು ತೋರಿಸಿದ್ರು. ಆದರೆ ಇಂಥ ಅದೃಷ್ಟ ಇರೋದು ದೊಡ್ಡ ಹೆಸರಿನ ನಾಲ್ಕಾರು ಸಿನಿಮಾಗಳಿಗೆ ಮಾತ್ರ.

ನಮ್ಮ ‘ಶೋಲೆ’ಗೆ ಆ ಅದೃಷ್ಟ ಇರಲಿಲ್ಲ. 1975ರ ಆ ಸಿನಿಮಾ ಇಲ್ಲೇ ರಾಮನಗರದ ಬಂಡೆಗಳ ನಡುವೆ, 35 ಎಂಎಂನಲ್ಲಿ ಶೂಟ್ ಆಗಿ, ಆಮೇಲೆ 70 ಎಂಎಂಗೆ ಹಿಗ್ಗಿಸಿ, ಸ್ಟೀರಿಯೋ ಸೌಂಡ್ ಕೂಡಿಸಿ ಬಿಡುಗಡೆಯಾಗಿತ್ತು. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನ ರಿಸ್ಟೋರ್ ಮಾಡೋಕೆ ಹೊರಟಾಗ, ಮೂಲ ನೆಗೆಟಿವ್ ವಿನೆಗರ್ ಸಿಂಡ್ರೋಮ್‌ನಿಂದ ಹಾಳಾಗಿತ್ತು, 70 ಎಂಎಂ ಪ್ರಿಂಟ್ ಒಂದೂ ಉಳಿದಿರಲಿಲ್ಲ. ದೇಶದಲ್ಲೇ ಅತಿ ಹೆಚ್ಚು ಜನ ನೋಡಿದ ಸಿನಿಮಾಗಳಲ್ಲೊಂದಕ್ಕೆ ಈ ಗತಿ. ಕೊನೆಗೆ ಇಂಗ್ಲೆಂಡ್ ಮತ್ತು ಭಾರತದಲ್ಲಿ ಸಿಕ್ಕ ಬೇರೆ ಎಲಿಮೆಂಟ್‌ಗಳಿಂದ ಡಿಜಿಟಲ್ ಆಗಿ ಕಟ್ಟಿ, 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಸಿನಿಮಾ ಉಳೀತು ಅನ್ನೋದು ದೊಡ್ಡ ಸಮಾಧಾನ. ಆದರೆ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಆ ಬೆಟ್ಟ ನೋಡೋ ನಾವು, ನಮ್ಮ ತಾತಂದಿರು ನೋಡಿದ ಆ 70 ಎಂಎಂ ‘ಶೋಲೆ’ಯನ್ನ ನೋಡೋ ಹಾಗಿಲ್ಲ.

ಎಂಎಸ್‌ಗೆ ಅಂತ ಹೊರಗೆ ಹೋಗೋ ಸೀನಿಯರ್‌ಗಳಿಗೆ ಒಂದು ಮಾತು. ಶಿಕಾಗೋದ ಮ್ಯೂಸಿಕ್ ಬಾಕ್ಸ್, ಬಾಸ್ಟನ್ ಪಕ್ಕದ ಸಾಮರ್‌ವಿಲ್ ಥಿಯೇಟರ್, ಲಾಸ್ ಏಂಜಲೀಸ್ ಪಕ್ಕದ ಏರೋ, ಲಂಡನ್ನಿನ ಪ್ರಿನ್ಸ್ ಚಾರ್ಲ್ಸ್, ಜರ್ಮನಿಯ ಕಾರ್ಲ್ಸ್‌ರೂಹೆಯ ಶಾವ್‌ಬುರ್ಗ್, ಇವೆಲ್ಲ 70 ಎಂಎಂ ಹಾಕಿದ ಹೆಸರುಗಳು. ಟಿಕೆಟ್ ತಗೊಳ್ಳೋ ಮುಂಚೆ ಪ್ರಿಂಟ್ ಯಾವ ವರ್ಷದ್ದು, ಬಣ್ಣ ಹೇಗಿದೆ, ಸೌಂಡ್ ಯಾವುದು ಅಂತ ವಿಚಾರಿಸಿ. ಗುಲಾಬಿ ಆಗಿದೆ ಅಂದ್ರೂ ಮ್ಯಾಗ್ನೆಟಿಕ್ ಸೌಂಡ್ ಇದ್ದರೆ ಒಂದು ಸಲ ಹೋಗಿ ಕೂತು ಬನ್ನಿ. ಹೇಗಿತ್ತು ಅಂತ ನಮಗೊಂದು ಮೆಸೇಜ್ ಹಾಕಿ.