690ರಲ್ಲಿ ಎಪ್ಪತ್ತು

ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಮುತ್ತುವ ಕೆಂಗಣ್ಣಿನ ಪುಟ್ಟ ನೊಣವನ್ನು ಕೈಬೀಸಿ ಓಡಿಸುತ್ತೇವಲ್ಲ, ಅದರ ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್. ಶಾಲೆಯ ಸ್ಕೇಲಿನ ಎರಡು ಸಣ್ಣ ಗೀಟುಗಳ ನಡುವೆ ಅಂಥವು ಎರಡು ಉದ್ದುದ್ದಕ್ಕೆ ಹಿಡಿಸುತ್ತವೆ. ಇಟ್ಟ ಮೂರು ಗಂಟೆಯೊಳಗೆ ಅದರ ಮೇಲ್ಪದರದಲ್ಲಿ ಸುಮಾರು 6,000 ಕೋಶಕೇಂದ್ರಗಳು ತುಂಬಿಕೊಂಡು, ತಲೆ ಎಲ್ಲಿ, ಎದೆ ಎಲ್ಲಿ ಎಂಬ ಗೆರೆಗಳು ಬಿದ್ದಿರುತ್ತವೆ.

ಗೆರೆ ಎಳೆಯುವುದರಲ್ಲಿ ದೊಡ್ಡ ಕೈ ಬೈಕಾಯ್ಡ್ ಎಂಬ ಪ್ರೋಟೀನಿನದು. ಟ್ಯೂಬಿಂಗನ್‌ನಲ್ಲಿ ಡ್ರೀವರ್ ಮತ್ತು ನ್ಯೂಸ್ಲೈನ್-ಫೊಲ್ಹಾರ್ಡ್ 1988ರಲ್ಲಿ ಇದನ್ನು ತೋರಿಸಿದರು. ತಲೆಯ ತುದಿಯಲ್ಲಿ ದಟ್ಟ, ಬಾಲದತ್ತ ವಿರಳ. ಪ್ರತಿ 0.1 ಮಿಲಿಮೀಟರಿಗೆ ಅದರ ಸಾಂದ್ರತೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಪ್ರಿನ್ಸ್‌ಟನ್ನಿನ ಗ್ರೆಗರ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿದರು: ಮೊಟ್ಟೆಯ ನಡುವೆ, ಮುಖ್ಯ ಗೆರೆ ಬೀಳುವಲ್ಲಿ, ಒಂದೊಂದು ಕೋಶಕೇಂದ್ರದಲ್ಲಿ ಇರುವುದು ಸುಮಾರು 690 ಬೈಕಾಯ್ಡ್ ಅಣು. ಒಂದು ಹನಿ ನೀರಿನಲ್ಲಿರುವ ಅಣುಗಳನ್ನು ಬರೆಯಲು 1ರ ಮುಂದೆ 21 ಸೊನ್ನೆ ಬೇಕು. ಇಲ್ಲಿ ಹಿಡಿ ಅಕ್ಕಿಯ ಕಾಳುಗಳಷ್ಟೂ ಇಲ್ಲ. ನನ್ನನ್ನು ದಂಗುಬಡಿಸುವುದು 690 ಅಲ್ಲ, 70. ಪಕ್ಕದ ಕೇಂದ್ರದಲ್ಲಿ ಕಡಿಮೆಯಿರುವುದು ಅಷ್ಟೇ, ನೂರಕ್ಕೆ ಹತ್ತು. ಅಷ್ಟನ್ನು ಗುರುತಿಸಿ ಒಂದು ‘ನಾನು ಮುಂದಿನವನು’ ಅನ್ನಬೇಕು, ಇನ್ನೊಂದು ‘ನಾನು ಹಿಂದಿನವನು’.

ಅಣುಗಳೋ ಗೊತ್ತುಗುರಿಯಿಲ್ಲದೆ ತಿರುಗುವಂಥವು. ಅವು ಬಂದು ಕೂರಬೇಕಾದ ಡಿಎನ್‌ಎ ತಾಣದ ಅಗಲ ಕೆಲವೇ ನ್ಯಾನೋಮೀಟರ್. ಬಂದದ್ದನ್ನು ಎಣಿಸಿ, ಸರಾಸರಿ ತೆಗೆದು, ನೂರಕ್ಕೆ ಹತ್ತರ ವ್ಯತ್ಯಾಸ ಹಿಡಿಯಲು ಒಂದೇ ಕೇಂದ್ರಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಬೇಕೆಂದು ಗಣಿತ ಹೇಳುತ್ತದೆ. ಅಷ್ಟು ಪುರುಸೊತ್ತು ಯಾರಿಗಿದೆ? ಆದರೂ ಮೊಟ್ಟೆಯಿಂದ ಮೊಟ್ಟೆಗೆ ಆ ಗೆರೆ ಕದಲುವುದು ಉದ್ದದ ನೂರರಲ್ಲೊಂದು ಪಾಲಿನಷ್ಟು, ಒಂದು ಕೇಂದ್ರದ ಜಾಗಕ್ಕಿಂತಲೂ ಕಡಿಮೆ.

ಹಾಗಾದರೆ ಒಂಟಿಯಾಗಿ ಎಣಿಸುತ್ತಿಲ್ಲ ಎಂದಾಯಿತು. ಈ ಹಂತದಲ್ಲಿ ಕೇಂದ್ರಗಳ ನಡುವೆ ಪೊರೆಯಿರುವುದಿಲ್ಲ. ಗೋಡೆಯೇ ಎಬ್ಬಿಸದ ವಠಾರ ಅದು. ನೆರೆಹೊರೆಯ ಎಣಿಕೆಗಳು ಬೆರೆತು ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ ಎಂಬುದು ಗ್ರೆಗರ್ ಮತ್ತು ಸಂಗಡಿಗರ ಊಹೆ.

ಇಷ್ಟೆಲ್ಲ ಕರಾರುವಾಕ್ಕು ಬೇಕೇ ಬೇಕೇ ಎಂದರೆ, ಅಲ್ಲೊಂದು ತಮಾಷೆ. ತಾಯಿನೊಣಕ್ಕೆ ಬೈಕಾಯ್ಡ್ ಜೀನನ್ನು ಎರಡರ ಬದಲು ಆರು ಕೊಟ್ಟರೆ ಮೊಟ್ಟೆಯಲ್ಲಿ ತಲೆಯ ಗಡಿ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಹೆಚ್ಚಾದ ಕೋಶಗಳು ಸದ್ದಿಲ್ಲದೆ ಸಾಯುತ್ತವೆ, ಹಲವು ಮೊಟ್ಟೆಗಳಿಂದ ನೆಟ್ಟಗಿರುವ ಮರಿಹುಳುವೇ ಹೊರಬರುತ್ತದೆ.