ಟಿಕೆಟ್‌ಗೆ ಮೊದಲು ಗಾಳಿಯ ದಿಕ್ಕು ನೋಡಿ

ವಿಯೆಟ್ನಾಂನ ಫು ಕ್ವಾಕ್ ದ್ವೀಪಕ್ಕೆ ನಾಲ್ಕೈದು ದಿನದ ಪ್ರವಾಸ ಹಾಕಿಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಮಾನದ ದರ ನೋಡುತ್ತಾರೆ, ಆಮೇಲೆ ಹೋಟೆಲ್‌ನ ಫೋಟೊ. ಆ ವಾರ ಗಾಳಿ ಯಾವ ಕಡೆಯಿಂದ ಬೀಸುತ್ತಿರುತ್ತದೆ ಎಂದು ಕೇಳುವವರು ಕಡಿಮೆ. ಆದರೆ ದ್ವೀಪದ ಮಟ್ಟಿಗೆ ಮೊದಲ ಪ್ರಶ್ನೆಯೇ ಅದು. ಜೂನ್, ಜುಲೈ ತಿಂಗಳಲ್ಲಿ ನಮ್ಮ ಮಲ್ಪೆಯ ದೋಣಿಗಳನ್ನು ದಡಕ್ಕೆ ಕಟ್ಟಿಹಾಕುವ ನೈಋತ್ಯ ಮಾರುತವೇ ಥಾಯ್ಲೆಂಡ್ ಕೊಲ್ಲಿಯನ್ನು ದಾಟಿ ಫು ಕ್ವಾಕ್‌ನ ಪಶ್ಚಿಮ ದಂಡೆಗೆ ಅಪ್ಪಳಿಸುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಕೊಡಗು ಮುಳುಗಿದ ದಿನಗಳಲ್ಲೇ ಫು ಕ್ವಾಕ್‌ನ ಬೀದಿಗಳಲ್ಲೂ ನೆರೆನೀರು ನಿಂತು ವಿಮಾನಗಳು ರದ್ದಾದವು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಮುಂಗಾರು ಹೆಚ್ಚುಕಡಿಮೆ ಇಲ್ಲಿನ ಮುಂಗಾರೇ.

ಈ ದ್ವೀಪ ಉತ್ತರ ದಕ್ಷಿಣವಾಗಿ ಸುಮಾರು 50 ಕಿ.ಮೀ. ಉದ್ದವಿದೆ. ವಿಸ್ತೀರ್ಣ ಸುಮಾರು 580 ಚದರ ಕಿ.ಮೀ. ಅರ್ಧಕ್ಕಿಂತ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನದ ಕಾಡು. ಹೋಟೆಲ್‌ಗಳಲ್ಲಿ ಹೆಚ್ಚಿನವು ಪಶ್ಚಿಮದ ಬಾಯ್ ಚುವಾಂಗ್ ಕಡಲತೀರದ ಉದ್ದಕ್ಕೂ ಸಾಲುಗಟ್ಟಿವೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯದ ಗಾಳಿಗೆ ದ್ವೀಪವೇ ಅಡ್ಡಗೋಡೆಯಾಗಿ ನಿಲ್ಲುವುದರಿಂದ ಈ ತೀರದ ನೀರು ಕೆರೆಯಂತೆ ಶಾಂತವಾಗಿರುತ್ತದೆ, ಸೂರ್ಯ ಕಡಲಿಗಿಳಿಯುವುದನ್ನು ಇಲ್ಲಿಂದಲೇ ನೋಡಬಹುದು. ಅದೇ ಹೊತ್ತಿಗೆ ಆಗ್ನೇಯದಲ್ಲಿರುವ ಬಾಯ್ ಸಾವ್‌ನ ಬಿಳಿ ಮರಳಿನ ಮೇಲೆ ಅಲೆ ಏಳುತ್ತದೆ, ಕೊಚ್ಚಿಬಂದ ಕಸವೂ ಸೇರುತ್ತದೆ. ಮಳೆಗಾಲದಲ್ಲಿ ಎಲ್ಲ ತಿರುವುಮುರುವು. ಪಶ್ಚಿಮ ರೊಚ್ಚಿಗೇಳುತ್ತದೆ, ಪೂರ್ವ ಸುಮ್ಮನಾಗುತ್ತದೆ. ತಿಂಗಳ ಲೆಕ್ಕವಿಲ್ಲದೆ ‘ಬಾಯ್ ಸಾವ್ ಚೆನ್ನಾಗಿದೆ’ ಎಂದರೂ ‘ಚೆನ್ನಾಗಿಲ್ಲ’ ಎಂದರೂ ಆ ಮಾತಿಗೆ ಅರ್ಥವಿಲ್ಲ.

ರಜೆ ನಮ್ಮ ಕೈಯಲ್ಲಿಲ್ಲವಲ್ಲ, ಮಕ್ಕಳ ಶಾಲೆ ಬಿಟ್ಟಾಗಲೇ ತಾನೆ ಹೋಗಬೇಕು ಎನ್ನುವ ಮಾತು ನ್ಯಾಯವಾದದ್ದೇ. ಹಾಗಿದ್ದರೆ ಏಪ್ರಿಲ್ ಮಧ್ಯದಲ್ಲೇ ಹೊರಡಿ, ಮೇ ಕೊನೆಗೆ ತಳ್ಳಬೇಡಿ. ಬೇಸಿಗೆ ರಜೆಯ ಮೊದಲ ಎರಡು ವಾರಕ್ಕೂ ಕೊನೆಯ ಎರಡು ವಾರಕ್ಕೂ ಅಲ್ಲಿ ಕಡಲೇ ಬೇರೆ. ಮೇ ಕೊನೆಯೇ ಗತಿ ಎನ್ನುವವರು ದ್ವೀಪವನ್ನೇ ಬದಲಿಸಬಹುದು. ವಿಯೆಟ್ನಾಂನದೇ ಆದ, ತೆರೆದ ಸಮುದ್ರದಲ್ಲಿರುವ ಕೊನ್ ದಾವ್ ದ್ವೀಪಗಳಿಗೆ ಕಷ್ಟ ಕೊಡುವುದು ಈಶಾನ್ಯದ ಗಾಳಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿಗೆ ಹಡಗು ಸಂಚಾರ ನಿಲ್ಲುವುದುಂಟು. ಮೇ ತಿಂಗಳಿಂದ ಹಸಿರು ಕಡಲಾಮೆಗಳು ಅಲ್ಲಿನ ಬಾಯ್ ಕಾನ್ ದ್ವೀಪದ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ರಾತ್ರಿ ಅರಣ್ಯ ಸಿಬ್ಬಂದಿಯ ಜೊತೆ ಕೂತು ಅದನ್ನು ನೋಡಬಹುದು. ಫ್ರೆಂಚರು 1862ರಲ್ಲಿ ಕಟ್ಟಿದ ಸೆರೆಮನೆಯೂ, ಸಾವಿರಾರು ಕೈದಿಗಳು ಮಣ್ಣಾದ ಹಾಂಗ್ ಯುವಾಂಗ್ ಸ್ಮಶಾನವೂ ಅಲ್ಲಿರುವುದರಿಂದ, ಗದ್ದಲದ ಮೋಜು ಬಯಸುವವರಿಗೆ ಆ ಊರು ಹೇಳಿದ್ದಲ್ಲ. ದಸರಾ ರಜೆಗೆ ಮಾತ್ರ ಒಳ್ಳೆಯ ಉತ್ತರವಿಲ್ಲ. ಆಗ ಎರಡೂ ಕಡೆ ಮಳೆ. ಕ್ರಿಸ್‌ಮಸ್‌ವರೆಗೆ ಕಾದು ಫು ಕ್ವಾಕ್‌ಗೆ ಹೋಗುವುದೇ ಲೇಸು.

ಮಳೆಗಾಲದಲ್ಲಿ ಕೋಣೆಯ ಬಾಡಿಗೆ ಇಳಿಯುತ್ತದೆ, ಮಳೆಯೂ ದಿನವಿಡೀ ಸುರಿಯುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಎರಡೂ ನಿಜ. ಸುವೊಯ್ ಚಾನ್ ಜಲಪಾತಕ್ಕೆ ನೀರು ಬರುವುದೂ ಆಗಲೇ. ಈಜಲು ಬಾರದವರಿಗೆ, ಊಟ, ನಿದ್ದೆ, ಓದು ಸಾಕೆನ್ನುವವರಿಗೆ ಅದು ಒಳ್ಳೆಯ ಕಾಲವೇ. ಮಳೆ ಹಿಡಿದ ದಿನ ಯುವಾಂಗ್ ಡಾಂಗ್ ಪಟ್ಟಣದ ಮೀನುಸಾರದ (ಫಿಶ್ ಸಾಸ್) ಕೊಠಿಗಳನ್ನು ನೋಡಿ ಬರಬಹುದು. ಆಳೆತ್ತರ ಮೀರಿದ ಮರದ ಪೀಪಾಯಿಗಳು, ಅವುಗಳ ಸುತ್ತ ಬಿಗಿದ ಬೆತ್ತದ ಹಗ್ಗ. ಬಲೆಯಿಂದ ಬಂದ ಚಿಕ್ಕ ಆಂಚೊವಿ ಮೀನನ್ನು ದೋಣಿಯಲ್ಲೇ ಉಪ್ಪಿನಲ್ಲಿ ಕಲಸಿ ತರುತ್ತಾರೆ, ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ಸುಮಾರು ಒಂದು ವರ್ಷ ಮಾಗಿದ ಮೇಲೆ ಪೀಪಾಯಿಯ ಬುಡದ ನಳಿಗೆಯಿಂದ ಕೆಂಗಂದು ಬಣ್ಣದ ರಸ ಹನಿಯುತ್ತದೆ. 2012ರಲ್ಲಿ ಯುರೋಪಿಯನ್ ಒಕ್ಕೂಟ ಇದರ ಹೆಸರಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ಸಸ್ಯಾಹಾರಿಗಳು ಗಮನಿಸಬೇಕು, ಈ ರಸ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಸಸ್ಯಾಹಾರ ಎಂಬರ್ಥದ ‘ಚಾಯ್’ ಫಲಕವಿರುವ ಅಂಗಡಿಗಳಲ್ಲಿ ಮಾತ್ರ ನಿಶ್ಚಿಂತೆಯಿಂದ ಉಣ್ಣಬಹುದು. ಆದರೆ ಹವಳದ ಬಂಡೆ ನೋಡಬೇಕು, ಆನ್ ಥೊಯ್‌ನಿಂದ ದೋಣಿಯಲ್ಲಿ ಪುಟ್ಟ ದ್ವೀಪಗಳಿಗೆ ಹೋಗಬೇಕು ಎಂದು ಬಂದವರಿಗೆ ಬಾಡಿಗೆಯಲ್ಲಿ ಉಳಿದ ದುಡ್ಡು ಯಾವ ಸಮಾಧಾನ ಕೊಟ್ಟೀತು? ನಾಲ್ಕು ದಿನದಲ್ಲಿ ಹೋಗುವ ಬರುವ ದಿನ ಕಳೆದರೆ ಉಳಿಯುವುದು ಎರಡು. ಆ ಎರಡೂ ದಿನ ದೋಣಿ ಹೊರಡದಿದ್ದರೆ ಪ್ರವಾಸ ಮುಗಿದಂತೆಯೇ.

ಇದೇ ಲೆಕ್ಕದಿಂದ, ಅಷ್ಟು ದೂರ ಹೋಗಿ ಹನೋಯ್, ಹಾ ಲಾಂಗ್ ಬಿಡುವುದೇ ಎನ್ನುವವರ ಆಸೆಯೂ ಕೂಡಿಬರುವುದಿಲ್ಲ. ಅದಕ್ಕೆ ವೀಸಾದ ಕಾರಣವೂ ಇದೆ. ಫು ಕ್ವಾಕ್‌ಗಷ್ಟೇ ಬಂದು ಹೋಗುವ ವಿದೇಶಿಯರಿಗೆ 30 ದಿನದವರೆಗೆ ವೀಸಾ ಬೇಡ. ಮುಖ್ಯ ಭೂಮಿಗೆ ಕಾಲಿಟ್ಟರೆ ಭಾರತೀಯರಿಗೆ ಇ-ವೀಸಾ ಬೇಕು. ಹೋ ಚಿ ಮಿನ್ ಸಿಟಿಯಲ್ಲಿ ವಿಮಾನ ಬದಲಿಸುವವರು ಅಲ್ಲಿ ಹೊರಗೆ ಬರಬೇಕಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕೋಣೆ ಕಾಯ್ದಿರಿಸುವ ಮುನ್ನ ಹೋಟೆಲ್‌ನವರಿಗೂ ಒಂದು ಸಾಲು ಬರೆದು ಕೇಳಿ: ನಾವು ಬರುವ ವಾರ ನಿಮ್ಮ ಎದುರಿನ ಕಡಲಲ್ಲಿ ಸಾಮಾನ್ಯವಾಗಿ ಈಜಬಹುದೇ?