ನಗೆ ಅನಿಲ ಎಲ್ಲ ಮಕ್ಕಳಿಗೂ ನಿರಪಾಯವೇ?

ಹಲ್ಲು ಕೀಳುವಾಗಲೋ ಆಪರೇಷನ್ ಮಾಡುವಾಗಲೋ ಮಕ್ಕಳಿಗೆ ಮಾಸ್ಕಿನಲ್ಲಿ ಕೊಡುವ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಅರಿವಳಿಕೆಯಾಗಿ 1844ರಿಂದ ಪರಿಚಿತ. ಉಸಿರಿನಲ್ಲಿ ಒಳಹೋಗುತ್ತದೆ, ಉಸಿರಿನಲ್ಲೇ ಹೊರಬರುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಮಾತು ರೂಢಿಯಲ್ಲಿದೆ. ಅನಿಲವೇನೋ ಉಳಿಯುವುದಿಲ್ಲ, ಅದು ಮಾಡಿಹೋದ ಕೆಲಸ ಉಳಿಯುತ್ತದೆ.

ವಿಟಮಿನ್ ಬಿ12ರ ಅಣುವಿನ ನಡುವೆ ಕೋಬಾಲ್ಟ್ ಇದೆ. ನಗೆ ಅನಿಲ ಅದನ್ನು ಉತ್ಕರ್ಷಿಸುತ್ತದೆ. ಆಗ ಬಿ12ರ ನೆರವಿನಿಂದ ದುಡಿಯುವ ಮೆಥಿಯೊನಿನ್ ಸಿಂಥೇಸ್ ಎಂಬ ಕಿಣ್ವ ಕೆಟ್ಟುನಿಲ್ಲುತ್ತದೆ. ಡಿಎನ್‌ಎ ತಯಾರಿಕೆಗೂ ನರಗಳ ಮೇಲಿನ ಮಯಲಿನ್ ಹೊದಿಕೆಗೂ ಈ ಕಿಣ್ವ ಬೇಕೇಬೇಕು. ದೇಹ ಹೊಸದನ್ನು ತಯಾರಿಸಿಕೊಳ್ಳಲು ಕೆಲವು ದಿನ ಹಿಡಿಯುತ್ತದೆ. ಆರೋಗ್ಯವಂತ ಮಗುವಿಗೆ ಸ್ವಲ್ಪ ಹೊತ್ತಿನ ಅರಿವಳಿಕೆಯಿಂದ ಇದು ಗೊತ್ತೇ ಆಗುವುದಿಲ್ಲ. ದೀರ್ಘಕಾಲ ಕೊಟ್ಟರೆ ಏನಾಗುತ್ತದೆಂದು 1956ರಲ್ಲೇ ವರದಿಯಾಗಿತ್ತು: ಡೆನ್ಮಾರ್ಕಿನಲ್ಲಿ ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲ ಕೊಟ್ಟಾಗ ಅಸ್ಥಿಮಜ್ಜೆಯೇ ಸೊರಗಿತ್ತು.

ಈ ಕಿಣ್ವದ ದಾರಿ ಹುಟ್ಟಿನಿಂದಲೇ ಕಟ್ಟಿಕೊಂಡಿದ್ದರೆ? 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅಂಥ ಒಂದು ಹಸುಗೂಸಿನ ಪ್ರಕರಣ ಪ್ರಕಟಿಸಿತು. ಕಾಲಿನ ಗಡ್ಡೆಗಾಗಿ ಮಗುವಿಗೆ ಎರಡು ಸಲ ನಗೆ ಅನಿಲದ ಅರಿವಳಿಕೆ ಕೊಡಲಾಗಿತ್ತು. ಆಮೇಲೆ ನರಮಂಡಲ ಕುಸಿದು, ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ಅದಕ್ಕೆ ಎಂಟಿಎಚ್‌ಎಫ್‌ಆರ್ ಕಿಣ್ವದ ತೀವ್ರ ಕೊರತೆ ಇತ್ತೆಂಬುದು ತಿಳಿದದ್ದು ಕೈಮೀರಿದ ಮೇಲೆ.

ಇದೇ ಹೆಸರಿನ ಜೀನ್ ಪರೀಕ್ಷೆಯ ವರದಿ ಹಿಡಿದು ಗಾಬರಿಯಾಗುವವರೂ ಇದ್ದಾರೆ. ಎಂಟಿಎಚ್‌ಎಫ್‌ಆರ್ ಜೀನಿನ ಸಣ್ಣಪುಟ್ಟ ವ್ಯತ್ಯಾಸಗಳು ಬಹಳ ಜನರಲ್ಲಿರುತ್ತವೆ. ತೀವ್ರ ಕೊರತೆ ಅತಿ ಅಪರೂಪದ ಬೇರೆಯೇ ಕಾಯಿಲೆ.

ನಮ್ಮಲ್ಲಿ ಹೆಚ್ಚು ಯೋಚಿಸಬೇಕಾದದ್ದು ಬಿ12 ಕೊರತೆಯ ಬಗ್ಗೆ. ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ. ತಾಯಿಗೇ ಕೊರತೆ ಇದ್ದರೆ, ಬರೀ ಎದೆಹಾಲು ಕುಡಿಯುವ ಕೂಸಿಗೂ ಅದು ಸಾಲದು. ರಕ್ತಹೀನತೆ, ಮಂಕು, ಕಲಿತ ಆಟಪಾಟ ಮರೆಯುವುದು, ಮೈ ನಡುಕ ಇದರ ಕುರುಹುಗಳು.

ಹಾಗೆಂದು ಆಪರೇಷನ್ ಮುಂದೂಡಬೇಕಿಲ್ಲ. ಸೆವೊಫ್ಲುರೇನ್, ಪ್ರೊಪೊಫಾಲ್‌ನಂಥ ಔಷಧಗಳಿಗೆ ಕೋಬಾಲ್ಟಿನ ಈ ಗೋಜಿಲ್ಲ. ಆದರೆ ಕೊರತೆ ಇರಬಹುದೆಂಬುದು ಅರಿವಳಿಕೆ ವೈದ್ಯರಿಗೆ ಮೊದಲೇ ಗೊತ್ತಾಗಬೇಕಲ್ಲ! ಮನೆಯ ಊಟ, ಮಗುವಿನ ಬೆಳವಣಿಗೆ, ಕುಟುಂಬದಲ್ಲಿ ಕಾರಣ ತಿಳಿಯದೆ ತೀರಿಕೊಂಡ ಕೂಸುಗಳಿದ್ದರೆ ಆ ವಿಷಯ, ಇಷ್ಟನ್ನು ಅವರು ಕೇಳದಿದ್ದರೂ ನಾವೇ ಹೇಳೋಣ.